ಕೋಂಬಾನ ಕಡೆಯ ಹಿರಿಯ

ಮಾತು ಕಮ್ಮಿ, ಕೆಲಸ ಗಟ್ಟಿ. ವಿರುಪಾಕ್ಷನ ಬಗ್ಗೆ ಯಾರನ್ನು ಕೇಳಿದರೂ ಹೇಳುವುದು ಇಷ್ಟೇ. ಹುಬ್ಬಳ್ಳಿಯಲ್ಲಿ ಏಳನೇ ಇಯತ್ತೆಗೆ ಶಾಲೆ ಬಿಟ್ಟು ವೆಲ್ಡಿಂಗ್ ಕಲಿತವನು. ಹೆಂಡತಿ ಸಂಧ್ಯಾರಾಣಿ ನರ್ಸು. ಅವಳ ವೀಸಾದ ಬಾಲ ಹಿಡಿದು ಸಿಡ್ನಿಗೆ ಬಂದ. ಕ್ವೇಕರ್ಸ್ ಹಿಲ್‌ನಲ್ಲಿ ಮನೆ, ಪಕ್ಕದ ಸಬರ್ಬ್‌ನಲ್ಲಿ ಗೇಟು ಮಾಡುವ ವರ್ಕ್‌ಶಾಪು.

ಅಲ್ಲಿ ಅವನಿಗೆ ಜೊತೆಯಾದವನು ಕೋಂಬಾ. ಸಿಯೆರಾ ಲಿಯೋನ್ ದೇಶದ ಕೋಯ್ಡು ಎಂಬ ವಜ್ರದ ಗಣಿಯೂರಿನ ಹುಡುಗ. ಅಂತರ್ಯುದ್ಧದಲ್ಲಿ ಮನೆಮಂದಿಯನ್ನೆಲ್ಲ ಕಳೆದುಕೊಂಡು ನಿರಾಶ್ರಿತನಾಗಿ ಬಂದಿದ್ದ. ಆಮೇಲೆ ಮೆಲ್ಬರ್ನ್‌ಗೆ ಹೋದ. 2006ರಲ್ಲಿ ಒಂದು ದಿನ ಅಲ್ಲಿಂದ ಅವನ ಫೋನು ಬಂತು.

ಕೋಯ್ಡುವಿನಲ್ಲಿ ಮಕ್ಕಳಿಗೆ ಪಾಠ ಹೇಳುವ ಫಿಂಡಾ ಎಂಬ ಹುಡುಗಿಗೂ ಇವನಿಗೂ ಮನಸ್ಸು ಕೂಡಿತ್ತು. ಅವಳ ಸೋದರಮಾವ ತಂಬಾನದು ಒಂದೇ ಹಟ. ಹುಡುಗನ ಕಡೆಯ ಹಿರಿಯರು ಮನೆಗೆ ಬಂದು ಕೇಳಬೇಕು. ಇಲ್ಲದಿದ್ದರೆ ಹೆಣ್ಣು ಒಬ್ಬ ವಜ್ರದ ವ್ಯಾಪಾರಿಯ ಪಾಲು.

“ನನಗೆ ಹಿರಿಯರು ಯಾರಿದ್ದಾರೆ ಬ್ರದರ್? ನೀನೇ ಹೋಗು. ಟಿಕೆಟ್ ನಾನು ಬುಕ್ ಮಾಡ್ತೀನಿ.”

ಸಂಧ್ಯಾರಾಣಿ ಬಿದ್ದು ಬಿದ್ದು ನಕ್ಕಳು. “ನೀವು? ನನ್ನ ನೋಡಾಕ ಬಂದಾಗ ಉಪ್ಪಿಟ್ಟು ತಿಂದು ಎದ್ದು ಹೋಗಿದ್ರಿ. ಮಾತೆಲ್ಲಾ ನಿಮ್ಮ ಕಾಕಾ ಆಡಿದ್ರು!”

“ಈ ಸಲ ನಾನ ಕಾಕಾ,” ಅಂದ ವಿರುಪಾಕ್ಷ.

ನಗುತ್ತಲೇ ಅವಳು ಹುಡುಗಿಗೆಂದು ಒಂದು ಇಳಕಲ್ ಸೀರೆ ಕಟ್ಟಿಕೊಟ್ಟಳು. ವಿಮಾನ ಹತ್ತಿಸಲು ಮೆಲ್ಬರ್ನ್‌ನಿಂದ ಬಂದ ಕೋಂಬಾ ಪಾಠ ಹೇಳಿಕೊಟ್ಟ: “ಬಿಳಿ ಬಟ್ಟೆಯಲ್ಲಿ ಕೋಲಾ ಕಾಯಿ ಕಟ್ಟಿ ಮಾವನ ಮುಂದೆ ಇಡು. ಅದಿಲ್ಲದೆ ನಮ್ಮಲ್ಲಿ ಮಾತೇ ಶುರುವಾಗಲ್ಲ.”

“ನಮ್ಮ ಎಲಿ ಅಡಿಕಿ ಇದ್ದಂಗ ಅನ್ನು.”

ಅಲ್ಲೇ ವಿರುಪಾಕ್ಷ ಎಡವಿದ್ದು. ಆದರೆ ಅದು ಗೊತ್ತಾದದ್ದು ಕೋಯ್ಡು ಮುಟ್ಟಿದ ಮೇಲೆ.

ಊರ ತುಂಬ ಗುಂಡಿಗಳು. ವಜ್ರದ ಆಸೆಗೆ ಮನೆಗಳ ಬುಡವನ್ನೂ ಅಗೆದಿದ್ದರು. ನೀರು ನಿಂತ ಗುಂಡಿಗಳಲ್ಲಿ ಗಂಡಸರು ಸೊಂಟದವರೆಗೆ ಇಳಿದು ಜರಡಿ ಆಡಿಸುತ್ತಿದ್ದರು. ಸುಟ್ಟ ಗೋಡೆಗಳ ಮೇಲೆ ಹೊಸ ತಗಡು ಮಿರುಗುತ್ತಿತ್ತು. ಸಂತೆಯ ಹತ್ತಿರ ಒಬ್ಬ ಗೇಟಿಗೆ ವೆಲ್ಡಿಂಗ್ ಮಾಡುತ್ತಿದ್ದ. ವಿರುಪಾಕ್ಷನಿಗೆ ಜೀವ ಬಂದಂತಾಯಿತು. ಗೇಟು ಹಾಕಿಸುವ ಜನ ಊರು ಬಿಟ್ಟು ಓಡುವವರಲ್ಲ.

ತಂಬಾ ಅಂಗಳದಲ್ಲಿ ಕೂತಿದ್ದ, ಸುತ್ತ ಬಂಧು ಬಳಗ. ವಿರುಪಾಕ್ಷ ಗಂಟು ಬಿಚ್ಚಿ ಇಟ್ಟ. ತಂಬಾ ಒಂದು ಕಾಯಿ ಎತ್ತಿಕೊಂಡು ಸೀಳಿದ, ಒಂದು ಹೋಳು ಬಾಯಿಗೆ ಹಾಕಿಕೊಂಡ, ಇನ್ನೊಂದನ್ನು ತಿರುಗಿ ವಿರುಪಾಕ್ಷನ ಕೈಗೇ ಇಟ್ಟ.

ಕೊಟ್ಟ ವೀಳ್ಯ ತಿರುಗಿ ಬಂದರೆ ಸಂಬಂಧ ಮುರಿದಂತೆ. ವಿರುಪಾಕ್ಷನ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಎದ್ದು ನಿಂತ. ಹರಕು ಇಂಗ್ಲಿಷು, ನಡುನಡುವೆ ಹುಬ್ಬಳ್ಳಿ ಕನ್ನಡ, ಬಾಯಿಗೆ ಬಂದದ್ದೆಲ್ಲ ಹೊರಗೆ ಬಂತು.

“ಯಾಕ್ರೀ ಹೊಳ್ಳಿ ಕೊಟ್ರಿ? ಹುಡುಗಂದು ಏನು ತಪ್ಪೈತಿ? ಅವ ಬೆಸಗಿ ಹಾಕಿದ್ದು ಒಂದಾದ್ರೂ ಬಿಟ್ಟಿದ್ದು ನಾ ಕಂಡಿಲ್ಲ! ಅವಗ ಹಿಂದ ಮುಂದ ಯಾರೂ ಇಲ್ಲ ಅಂತ ಒಲ್ಲೆ ಅಂತೀರೇನು? ನಾ ಇಲ್ಲೇನು? ನಾನ ಅವನ ಅಣ್ಣ!”

ತಂಬಾ ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದ.

“ಕೂತ್ಕೊಳ್ಳಪ್ಪಾ. ನಾವು ಒಪ್ಪಿದರೆ ಹೀಗೇ ಹಂಚಿಕೊಂಡು ತಿನ್ನೋದು. ನೀನು ತಿನ್ನದೆ ಕೂಗ್ತಾ ಇದ್ದೀಯ.”

ಹೆಂಗಸರು ಗೊಳ್ಳನೆ ನಕ್ಕರು. ವಿರುಪಾಕ್ಷ ನಾಚಿ, ಹೋಳನ್ನು ಬಾಯಿಗೆ ಹಾಕಿಕೊಂಡ. ಕಹಿ! ಮುಖ ಕಿವುಚಿದ್ದು ನೋಡಿ ಇನ್ನಷ್ಟು ನಗು.

ತಂಬಾ ಮಾತ್ರ ನಗಲಿಲ್ಲ. “ಒಂದು ಕೇಳೋದಿದೆ. ಅಷ್ಟು ದೂರ ಕಳಿಸ್ತೀವಿ. ನಾಳೆ ಇವರಿಬ್ಬರು ಜಗಳ ಆಡಿದರೆ ನಮ್ಮ ಹುಡುಗಿ ಯಾರ ಮನೆಗೆ ಹೋಗಿ ಹೇಳಬೇಕು?”

“ನಮ್ಮ ಮನಿಗೆ,” ಅಂದ ವಿರುಪಾಕ್ಷ. “ಕ್ವೇಕರ್ಸ್ ಹಿಲ್.”

ತಂಬಾ ಕೈ ಚಾಚಿದ.

ಮರುವರ್ಷ ಫಿಂಡಾ ಬಂದಳು. ಮೆಲ್ಬರ್ನ್‌ನಲ್ಲಿ ಮದುವೆಯಾಯಿತು. ಆಮೇಲೊಂದು ಶನಿವಾರ ಬೆಳಿಗ್ಗೆ ಅವಳದೇ ಫೋನು.

“ಅಣ್ಣಾ, ನಿಮ್ಮ ತಮ್ಮ ನನಗೆ ಕೆಲಸಕ್ಕೆ ಹೋಗಬೇಡ ಅಂತಾನೆ. ನಾನು ಅಡಿಗೆ ನಿಲ್ಲಿಸಿದ್ದೀನಿ.”

ವಿರುಪಾಕ್ಷ ಕಾರಿನ ಕೀಲಿ ತಗೊಂಡ.

“ಅಷ್ಟಕ್ಕ ಮೆಲ್ಬರ್ನ್ ತನಕಾ?” ಅಂದಳು ಸಂಧ್ಯಾರಾಣಿ. “ಫೋನಿನಾಗ ಹೇಳಬಾರದೇನು?”

“ಫೋನಿನಾಗ ನನಗ ಮಾತು ಬರೂದಿಲ್ಲ.”

ಹೈವೇ ಉದ್ದಕ್ಕೂ ಕೋಂಬಾನಿಗೆ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಳ್ಳುತ್ತ ಹೋದ. ಅರ್ಧ ದಾರಿಗೂ ಆಚೆಯ ಆಲ್ಬರಿ ದಾಟುವ ಹೊತ್ತಿಗೆ ಎರಡು ಮಾತು ಕೂಡಿಬಂದಿದ್ದವು.