ಕ್ವಾರ್ಟರ್ಸಿಗೆ ಬಂದ ಪರದೇಶಿ

ಹೋದ ತಿಂಗಳು ಶಿವಮೊಗ್ಗದ ಆಲ್ಕೊಳ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ನೀಲಗಿರಿ ದಿಮ್ಮಿ ತುಂಬಿದ ಲಾರಿಯೊಂದು ತಿರುವಿನಲ್ಲಿ ನಿಧಾನವಾಗಿ ನನ್ನ ಪಕ್ಕದಲ್ಲೇ ಹಾದುಹೋಯಿತು. ಆಗಷ್ಟೇ ಕಡಿದ ಮರ. ಅರ್ಧ ಸುಲಿದ ತೊಗಟೆ ಲಾರಿಯ ಎರಡೂ ಬದಿಗೆ ಜೋತುಬಿದ್ದಿತ್ತು. ಮೂಗಿಗೆ ಸ್ವಲ್ಪ ಉರಿ ಹತ್ತಿಸುವ ಅದರ ಘಾಟು ಡೀಸೆಲ್ ಹೊಗೆಯನ್ನೂ ಮೀರಿ ಬಂತು, ಬಂದು ಬಹಳ ಹೊತ್ತು ಹೋಗಲಿಲ್ಲ. ಭದ್ರಾವತಿಯಲ್ಲಿ ನಾವಿದ್ದ ಕಾಗದದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಎಲ್ಲರ ಮನೆಯ ಹಂಡೆಯ ಕೆಳಗೂ ಉರಿಯುತ್ತಿದ್ದದ್ದು ಈ ತೊಗಟೆಯೇ. ಹಂಡೆಯ ನೀರಿಗೂ ನಮ್ಮ ಕೂದಲಿಗೂ ಶಾಲೆಯ ಸಮವಸ್ತ್ರಕ್ಕೂ ಅದೇ ಹೊಗೆಯ ವಾಸನೆ. ಆ ನೀರನ್ನು ಮೊದಲು ತೋಡುತ್ತಿದ್ದದ್ದು ಮಾತ್ರ ನಮಗಲ್ಲ. ಬಾಗಿಲಿಗೆ ಯಾರಾದರೂ ಬಂದರೆ ಒಂದು ಚೊಂಬು ಬಿಸಿನೀರು ಅವರ ಕಾಲಿಗೆ. ಅದು ನಮ್ಮಪ್ಪನ ಕಟ್ಟಪ್ಪಣೆ.

ನಮ್ಮದು ಸಾಲಿನ ಕೊನೆಯ ಮನೆ, ರಸ್ತೆಗೆ ಹತ್ತಿರ. ಕಾರ್ಖಾನೆಯಲ್ಲಿ ಕೂಲಿ ಸಿಗಬಹುದೆಂದು ರೈಲಿಳಿದು ಬಂದವರು, ಯಾರದೋ ವಿಳಾಸ ಹುಡುಕುವವರು, ಸುಮ್ಮನೆ ದಾರಿ ತಪ್ಪಿದವರು, ಎಲ್ಲರೂ ಮೊದಲು ನಮ್ಮ ಗೇಟಿಗೇ ಬರುತ್ತಿದ್ದರು. ಅಪ್ಪ ಬಾಯ್ಲರ್ ವಿಭಾಗದಲ್ಲಿ ಕೆಲಸಗಾರ. ಹೆಸರು ಜಯರಾಜ. ಕೆಂಪಗೆ ಕಾದ ಮುಖ, ಮಾತು ಕಡಿಮೆ. ಗೇಟಿನಲ್ಲಿ ಅಪರಿಚಿತರು ಕಂಡರೆ ಮಾತ್ರ ಆ ಮನುಷ್ಯ ಬೇರೆಯೇ ಆಗುತ್ತಿದ್ದ. ಎಡಗಾಲಿಗೆ ಬಲಗಾಲಿನ ಚಪ್ಪಲಿ ಮೆಟ್ಟಿಕೊಂಡಾದರೂ ಸರಿ, ಓಡಿಹೋಗಿ ಗೇಟು ತೆಗೆಯುತ್ತಿದ್ದ. ಸಂಜೆಯ ಪ್ರಾರ್ಥನೆಯಲ್ಲಿ ಸತ್ಯವೇದ, ಅಂದರೆ ಬೈಬಲ್ಲು, ಓದುವಾಗ ಅಬ್ರಹಾಮನ ಅತಿಥಿಗಳ ಕತೆ ಬಂದರೆ ಅಪ್ಪ ಪುಸ್ತಕ ಮುಚ್ಚಿ ತಾನೇ ಹೇಳುತ್ತಿದ್ದ. ಮುದುಕ ಅಬ್ರಹಾಮ ಸುಡುಬಿಸಿಲಲ್ಲಿ ಗುಡಾರದ ಬಾಗಿಲಲ್ಲಿ ಕೂತಿದ್ದಾನೆ, ಎದುರಿಗೆ ಗುರುತಿಲ್ಲದ ಮೂವರು. "ಅವನು ಓಡಿದ ನೋಡು ಮಗಳೇ. ಅಷ್ಟು ವಯಸ್ಸಾದವನು, ಆ ಬಿಸಿಲಲ್ಲಿ. ಬಂದಿದ್ದು ದೇವರು ಅಂತ ಅವನಿಗೆ ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ರೆ ಯಾರ್ ಬೇಕಾದ್ರೂ ಓಡ್ತಾರೆ" ಎನ್ನುತ್ತಿದ್ದ. ಅಪ್ಪನ ಧರ್ಮವೆಲ್ಲ ಆ ಓಟದಲ್ಲಿತ್ತು ಎಂದು ಈಗ ಅನ್ನಿಸುತ್ತದೆ.

ಅಮ್ಮನಿಗೆ ಈ ಓಟದಲ್ಲಿ ಅಂಥ ಉತ್ಸಾಹವೇನೂ ಇರಲಿಲ್ಲ. ಓಡುವವನು ಅಪ್ಪ, ಅಕ್ಕಿ ತೊಳೆಯುವವಳು ಅವಳು. ಆದರೂ ಒಂದು ದಿನವೂ ಅನ್ನ ಇಲ್ಲವೆಂದವಳಲ್ಲ. ಹಿತ್ತಲ ಬಸಳೆಯ ಸಾರನ್ನು ಇನ್ನಷ್ಟು ನೀರು ಹಾಕಿ ಹಿಗ್ಗಿಸಿ, ಮುಖ ಗಂಟುಹಾಕಿಕೊಂಡೇ ಬಡಿಸುತ್ತಿದ್ದಳು. ಉಂಡವರು ಎದ್ದು ಹೊರಟಾಗ ಮಾತ್ರ "ಹುಷಾರಾಗಿ ಹೋಗಿ" ಎನ್ನುವ ಅವಳ ದನಿ ಮೆತ್ತಗಾಗುತ್ತಿತ್ತು. ನಿಮ್ಮ ಬಾಲ್ಯದಲ್ಲೂ ಇಂಥದೊಂದು ಮನೆ ಇದ್ದಿರಬಹುದು. ಅದು ನಿಮ್ಮದೇ ಆಗಿರಬೇಕೆಂದಿಲ್ಲ, ಎದುರು ಬೀದಿಯದ್ದಾದರೂ ಆದೀತು. ಕರೆಗಂಟೆ ಇಲ್ಲದ, ಯಾರು ಎಂದು ಒಳಗಿನಿಂದ ಕೂಗದ ಮನೆ. ಅಂಥ ಮನೆಗಳು ಒಂದೇ ದಿನ ಇಲ್ಲವಾಗುವುದಿಲ್ಲ. ನಮ್ಮ ಮನೆ ಹೇಗೆ ಇಲ್ಲವಾಯಿತು ಎಂಬುದಷ್ಟೇ ನನಗೆ ಗೊತ್ತು.

ನಾನು ಐದನೇ ಕ್ಲಾಸಿನಲ್ಲಿದ್ದೆ. ದಸರಾ ರಜೆ ಮುಗಿದ ವಾರ, ಮಧ್ಯಾಹ್ನ, ಒಬ್ಬ ಮುದುಕ ಬಂದು ನಮ್ಮ ಗೇಟಿನ ಹೊರಗೆ ಕೂತ. ಏನನ್ನೂ ಕೇಳಲಿಲ್ಲ. ಅಪ್ಪ ಓಡಿಹೋಗಿ ಒಳಗೆ ಕರೆತಂದ. ಮುದುಕನ ಬಾಯಿ ಒಂದು ಕಡೆ ವಾಲಿತ್ತು, ಬಲಗೈ ಅಷ್ಟಾಗಿ ಏಳುತ್ತಿರಲಿಲ್ಲ. ಮಾತಾಡಲು ಹೋದರೆ ಗಂಟಲಲ್ಲೇ ಒಂದು ಸದ್ದು ಸುತ್ತಿ ನಿಲ್ಲುತ್ತಿತ್ತು. ಊಟವಾಯಿತು, ಸಂಜೆಯಾಯಿತು. ಅಪ್ಪ ಎರಡನೇ ದಿನ ಪೊಲೀಸ್ ಸ್ಟೇಷನ್ನಿಗೆ ಹೋಗಿ ತಿಳಿಸಿ ಬಂದ. ಯಾರೂ ಹುಡುಕಿಕೊಂಡು ಬಂದಿಲ್ಲ, ಬಂದರೆ ಹೇಳುತ್ತೇವೆ ಎಂದರಂತೆ. ಹಾಗೆ ಮುದುಕ ನಮ್ಮಲ್ಲೇ ಉಳಿದ. ಎರಡು ಕೋಣೆಯ ಮನೆ, ಮುಂದಿನ ವರಾಂಡದ ಬೆಂಚು ಅವನಿಗೆ.

ಸಾಲಿನವರೆಲ್ಲ ತಮ್ಮ ತಮ್ಮ ಭಾಷೆ ಹಾಕಿ ನೋಡಿದರು. ಪಕ್ಕದ ಮನೆಯವರು ತಮಿಳು, ಮೂರನೇ ಮನೆಯವರು ತೆಲುಗು, ಸೈಕಲ್ ಶಾಪಿನವರು ಉರ್ದು. ಎಲ್ಲದಕ್ಕೂ ಅವನು ಅಷ್ಟೇ ನಯವಾಗಿ ತಲೆಯಾಡಿಸುತ್ತಿದ್ದ. ಯಾವ ಜಾತಿ, ಯಾವ ದೇವರು ಎಂದೂ ಗೊತ್ತಾಗಲಿಲ್ಲ. ಹಣೆಯ ಮೇಲಾಗಲಿ ಕೊರಳಲ್ಲಾಗಲಿ ಗುರುತಿಲ್ಲ. ನಮ್ಮ ಪ್ರಾರ್ಥನೆಗೆ ಕಣ್ಣು ಮುಚ್ಚುತ್ತಿದ್ದ, ಬಾಂಗು ಕೇಳಿದರೆ ತಲೆ ತಗ್ಗಿಸುತ್ತಿದ್ದ, ಎದುರುಮನೆಯ ರುದ್ರಪ್ಪನವರ ಮನೆಯಲ್ಲಿ ಶಿವಪೂಜೆಯ ಗಂಟೆ ಬಾರಿಸಿದರೆ ಎಡಗೈಯನ್ನು ಎದೆಗಿಟ್ಟುಕೊಳ್ಳುತ್ತಿದ್ದ. ನಾವು ತಾತ ಎಂದೆವು. ದಿನಾ ನಾನು ಶಾಲೆಯಿಂದ ಬಂದು ಗೇಟು ತೆಗೆದಾಗ ತಾತ ಗೋಡೆ ಹಿಡಿದು ಕಷ್ಟಪಟ್ಟು ಎದ್ದು ನಿಲ್ಲುತ್ತಿದ್ದ. ನಾನು ಒಳಗೆ ಹೋಗುವವರೆಗೆ ನಿಂತೇ ಇರುತ್ತಿದ್ದ. ಹತ್ತು ವರ್ಷದ ಹುಡುಗಿಗೆ ಯಾರು ಎದ್ದು ನಿಲ್ಲುತ್ತಾರೆ? "ಕೂತ್ಕೋ ತಾತ" ಎಂದು ಎಷ್ಟು ಸಲ ಹೇಳಿದರೂ ಬಿಡಲಿಲ್ಲ. ಆಮೇಲಿನ ನನ್ನ ಇಡೀ ಜೀವಮಾನದಲ್ಲಿ, ಇಷ್ಟು ವರ್ಷ ಟೀಚರ್ ಆಗಿದ್ದೂ, ಹಾಗೆ ಯಾರೂ ನನಗಾಗಿ ಎದ್ದು ನಿಂತಿಲ್ಲ.

"ಊಟ ಹಾಕೋದು ಬೇರೆ, ಮನೇಲಿ ಇಟ್ಕೊಳ್ಳೋದು ಬೇರೆ" ಎಂದು ಅಮ್ಮ ಮೊದಮೊದಲು ಜಗಳವಾಡಿದಳು. "ಹೆಣ್ಣುಮಗು ಇರೋ ಮನೆ. ನಾಳೆ ಏನಾದ್ರೂ ಆದ್ರೆ ನಿಮ್ಮ ಅಬ್ರಹಾಮ ಬರ್ತಾನಾ?" ಉತ್ತರ ಕೊಟ್ಟದ್ದು ತಾತನೇ. ಒಂದು ಬೆಳಿಗ್ಗೆ ಅಮ್ಮ ಮೊರದಲ್ಲಿ ಬಿಟ್ಟುಹೋಗಿದ್ದ ಬೆಳ್ಳುಳ್ಳಿಯನ್ನು ಒಂದೇ ಕೈಯಲ್ಲಿ, ಮೊಣಕಾಲಿಗೆ ಒತ್ತಿಕೊಂಡು, ಒಂದೊಂದೇ ಎಸಳು ಸುಲಿದು ಮುಗಿಸಿದ್ದ. ಅಂದಿನಿಂದ ಬೆಳ್ಳುಳ್ಳಿ ಸುಲಿಯುವುದು, ಅಕ್ಕಿಯ ಕಲ್ಲು ಆರಿಸುವುದು ಅವನ ಕೆಲಸ. ಒಣಗಿದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿಡುತ್ತಿದ್ದ. ಕ್ರಿಸ್ಮಸ್ಸಿಗೆ ಅಮ್ಮ ಅವನಿಗೊಂದು ಹೊಸ ಪಂಚೆ ತಂದಳು. ತಾನು ತಂದದ್ದೆಂದು ಹೇಳಿಕೊಳ್ಳಲು ನಾಚಿ, ಅಪ್ಪನ ಕೈಯಲ್ಲಿ ಕೊಡಿಸಿದಳು.

ಮುಂದಿನ ಮಳೆಗಾಲ ಹಿಡಿಯುವ ಮೊದಲು, ಒಂದು ಬೆಳಿಗ್ಗೆ, ಕಾಫಿ ಕೊಡಲು ಹೋದ ಅಮ್ಮ ಲೋಟವನ್ನು ಹಾಗೇ ಹಿಡಿದುಕೊಂಡು ಒಳಗೆ ಬಂದಳು. "ತಾತ ಹೋಗ್ಬಿಟ್ರು ಕಣ್ರೀ" ಎಂದಳು. ಅಲ್ಲಿಯವರೆಗೆ ಅವಳು ಅವನನ್ನು ಒಮ್ಮೆಯೂ ಬಹುವಚನದಲ್ಲಿ ಕರೆದಿರಲಿಲ್ಲ. ಅಪ್ಪ ಕೆಲಸಕ್ಕೆ ಹೋಗಲಿಲ್ಲ. ತಾತನ ಮುಖ ಒರೆಸಿ, ಹೊಸ ಪಂಚೆ ಹೊದಿಸಿ, ನನ್ನನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟ. ಹೆಣವಿದ್ದ ಮನೆಯಲ್ಲಿ ಮಗು ಬೇಡವೆಂದು ಅಮ್ಮ ನನ್ನನ್ನು ಕಳಿಸಿದ್ದಳು. ಅದಕ್ಕೇ ಅಂದು ನಡೆದದ್ದೆಲ್ಲ ನನಗೆ ಗೊತ್ತು.

ಮೊದಲು ನಮ್ಮ ಚರ್ಚಿನ ಕಮಿಟಿಯ ಕಾರ್ಯದರ್ಶಿಯ ಮನೆಗೆ ಹೋದೆವು. ಅವರು ಅಪ್ಪನಿಗಿಂತ ದೊಡ್ಡವರು, ಒಳ್ಳೆಯವರು, ನನಗೆ ಬಿಸ್ಕತ್ತು ಕೊಟ್ಟರು. ಎಲ್ಲ ಕೇಳಿಕೊಂಡು, "ದೀಕ್ಷಾಸ್ನಾನ ಆಗಿತ್ತಾ?" ಎಂದರು. ಗೊತ್ತಿಲ್ಲ ಎಂದ ಅಪ್ಪ. "ಹೆಸರು?" ಅದೂ ಗೊತ್ತಿಲ್ಲ. "ರಿಜಿಸ್ಟರಲ್ಲಿ ಏನಂತ ಬರೀಲಿ ಜಯರಾಜ್? ನಮ್ಮೋರಿಗೇ ಜಾಗ ಸಾಲ್ತಿಲ್ಲ." ಅಪ್ಪ ಆಗ ಆಡಿದ ಮಾತು ನನಗೆ ನೆನಪಿದೆ, ಅವನು ಹಿರಿಯರೆದುರು ಹಾಗೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. "ಅಬ್ರಹಾಮನೂ ಹೆಂಡ್ತಿ ಸತ್ತಾಗ ಹಿಂಗೇ ನಿಂತಿದ್ದ ಅಣ್ಣ. ನಾನು ಪರದೇಶಿ, ಹೂಣೋಕೆ ಜಾಗ ಕೊಡಿ ಅಂತ ಕೇಳ್ದ. ಆ ಊರೋರು ಅವನ ದೇವರನ್ನ ಅರಿಯದೋರು, ಆದ್ರೂ ನಮ್ಮ ಸಮಾಧಿಗಳಲ್ಲಿ ಒಳ್ಳೇದನ್ನ ಆರಿಸ್ಕೋ ಅಂದ್ರು." "ಅದು ಸತ್ಯವೇದ ಮಾರಾಯ, ಇದು ಕಮಿಟಿ" ಎಂದರು ಕಾರ್ಯದರ್ಶಿ. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ, ಸಂಕಟವೇ ಇತ್ತು.

ಎದುರುಮನೆಯ ರುದ್ರಪ್ಪನವರು ತಾವೇ ಜೊತೆಗೆ ಬಂದು ತಮ್ಮವರ ಹಿರಿಯರನ್ನು ಕೇಳಿದರು. ಅವರಲ್ಲೂ ಹೂಳುವುದೇ ಪದ್ಧತಿ, ಊರಾಚೆ ಅವರದೇ ಜಾಗವಿತ್ತು. ಹಿರಿಯರು ಲಿಂಗದೀಕ್ಷೆಯ ಮಾತೆತ್ತಿದರು. ಸೈಕಲ್ ಶಾಪಿನವರು ಮಸೀದಿಯ ಮುಖಂಡರ ಹತ್ತಿರ ಕರೆದೊಯ್ದರು. ನಮ್ಮವನೇ ಎಂದು ಒಬ್ಬರಾದರೂ ಸಾಕ್ಷಿ ಹೇಳಿದರೆ ಈಗಲೇ ಏರ್ಪಾಡು ಮಾಡುತ್ತೇವೆ ಎಂದರು ಅವರು. ಸುಳ್ಳು ಹೇಳಲು ಅಪ್ಪನಿಗೆ ಬರಲಿಲ್ಲ. ಯಾರೂ ನಮ್ಮನ್ನು ಬಯ್ಯಲಿಲ್ಲ, ಬಾಗಿಲಲ್ಲಿ ನಿಲ್ಲಿಸಲಿಲ್ಲ. ಹೋದ ಕಡೆಯಲ್ಲೆಲ್ಲ ಕುರ್ಚಿ ಕೊಟ್ಟರು, ಕಾಫಿ ಕೊಟ್ಟರು. ಮೂರು ಮನೆಯ ಕಾಫಿ ಕುಡಿದು, ಒಂದಾಳುದ್ದದ ನೆಲ ಸಿಗದೆ, ಮಧ್ಯಾಹ್ನದ ಬಿಸಿಲಲ್ಲಿ ಅಪ್ಪ ಸೈಕಲ್ ತುಳಿಯುತ್ತಿದ್ದ. ಬೆನ್ನಿಗೆ ಅಂಟಿದ ಅವನ ಅಂಗಿ ನನ್ನ ಕೆನ್ನೆಗೆ ತಾಗುತ್ತಿತ್ತು. ಅವನು ಅಳುತ್ತಿದ್ದಾನೋ ಬರೀ ಏದುಸಿರೋ ನನಗೆ ಹಿಂದಿನಿಂದ ತಿಳಿಯಲಿಲ್ಲ.

ಉಳಿದದ್ದು ನಗರಸಭೆ. ಕಚೇರಿಯ ಗುಮಾಸ್ತ ಒಂದು ಫಾರಂ ತುಂಬಿ, "ಅನಾಥ ಶವ" ಎಂದು ಬರೆದು, ಸಹಿಗೆ ಕೊಟ್ಟ. ಅಪ್ಪ ಪೆನ್ನು ಹಿಡಿಯಲಿಲ್ಲ.

"ಅನಾಥ ಅಲ್ಲ ಸಾರ್. ನಮ್ಮನೇಲಿದ್ರು."

"ಹಂಗಾದ್ರೆ ನಿಮಗೇನಾಗ್ಬೇಕು? ಸಂಬಂಧ ಹೇಳಿ, ಬರೀತೀನಿ."

"ಅತಿಥಿ."

ಗುಮಾಸ್ತ ಕನ್ನಡಕ ತೆಗೆದು ಅಪ್ಪನನ್ನೂ ನನ್ನನ್ನೂ ನೋಡಿದ. "ಆ ಥರ ಕಾಲಂ ಇಲ್ಲ ಸಾರ್. ಅನಾಥ ಅಂದ್ರೆ ಇವತ್ತೇ ಗಾಡಿ ಕಳಿಸ್ತೀನಿ. ಸೆಕೆ ಬೇರೆ, ಬಾಡಿ ನಿಲ್ಲಲ್ಲ. ಯೋಚ್ನೆ ಮಾಡಿ."

ಗೋಡೆಯ ಫ್ಯಾನು ತಿರುಗುತ್ತಿತ್ತು. ಅಪ್ಪ ಸಹಿ ಹಾಕಿದ. ಇಂಗ್ಲಿಷಿನಲ್ಲಿ, ಸಂಬಳದ ದಿನ ಹಾಕುವ ಹಾಗೆ, ನಿಧಾನವಾಗಿ, ಪೂರ್ತಿ ಹೆಸರು ಬರೆದ. ಸಂಜೆ ನಗರಸಭೆಯ ಗಾಡಿ ಬಂತು. ಹೊಳೆಯ ಕಡೆ, ಮುಳ್ಳುಕಂಟಿ ಬೆಳೆದ ಒಂದು ಬಯಲಲ್ಲಿ ಇಬ್ಬರು ಪೌರಕಾರ್ಮಿಕರು ಗುಂಡಿ ತೋಡಿದರು. ಪಾದ್ರಿಗಳಿರಲಿಲ್ಲ. ರುದ್ರಪ್ಪನವರಿದ್ದರು, ಸೈಕಲ್ ಶಾಪಿನವರಿದ್ದರು. ಅಪ್ಪ ಪ್ರಾರ್ಥನೆ ಮಾಡಲು ಬಾಯಿ ತೆರೆದ. ಏನೂ ಬರಲಿಲ್ಲ. ಗುಂಡಿ ತೋಡಿದವರಲ್ಲೊಬ್ಬ ಸ್ವಲ್ಪ ಕಾದು, "ಮಣ್ಣು ಹಾಕ್ಲಾ ಅಣ್ಣ?" ಎಂದು ಕೇಳಿದ.

ಆಮೇಲೂ ನಮ್ಮ ಗೇಟಿಗೆ ಜನ ಬರುತ್ತಿದ್ದರು. ಅಮ್ಮ ಅನ್ನ ಹಾಕುತ್ತಿದ್ದಳು, ಈಗ ಮುಖ ಗಂಟುಹಾಕದೆ. ಅಪ್ಪ ಓಡುವುದು ನಿಂತಿತು. ಕೂತಲ್ಲಿಂದಲೇ "ಯಾರೋ ಬಂದಿದ್ದಾರೆ ನೋಡು" ಎನ್ನುತ್ತಿದ್ದ. ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದ, ಕೊನೆಯ ಬೆಂಚಿನಲ್ಲಿ ಕೂತು ಬರುತ್ತಿದ್ದ. ಸಂಜೆಯ ಓದು ನನ್ನ ಪಾಲಿಗೆ ಬಂತು. ಅಬ್ರಹಾಮನ ಕತೆ ಬಂದ ದಿನ ನಾನು ಕಾದೆ, ಅಪ್ಪ ಪುಸ್ತಕ ಮುಚ್ಚೆನ್ನಲಿಲ್ಲ. ಓದಿ ಮುಗಿಸಿದೆ, ಎಲ್ಲರೂ ಊಟಕ್ಕೆದ್ದೆವು. ಮುಂದೆ ಕಾರ್ಖಾನೆ ನಿಂತಿತು, ಸಾಲುಮನೆಗಳು ಒಂದೊಂದೇ ಖಾಲಿಯಾದವು. ನಾವು ಶಿವಮೊಗ್ಗಕ್ಕೆ ಬಂದು ಗೋಪಾಳದಲ್ಲಿ ಮನೆ ಮಾಡಿದೆವು. ಇಲ್ಲಿ ಗೇಟಿಗೆ ಒಳಗಿನಿಂದ ಬೀಗ. ನಾನೇ ಹಾಕಿಸಿದ್ದು.

ಎರಡು ವರ್ಷದ ಹಿಂದೆ ಅಪ್ಪ ಹಾಸಿಗೆ ಹಿಡಿದ. ಹೋಗುವ ನಾಲ್ಕು ದಿನ ಮೊದಲು, ಗಂಜಿ ಕುಡಿಸುತ್ತಿದ್ದಾಗ, ಸ್ಪಷ್ಟವಾಗಿ ಹೇಳಿದ: "ನನ್ನನ್ನ ಭದ್ರಾವತೀಲಿ ತಾತನ ಪಕ್ಕ ಹೂಳಿ."

"ಆ ಜಾಗ ಈಗ ಹೇಗಿದ್ಯೋ ಅಪ್ಪ..." ಎಂದೆ.

"ಅವನಿಗೆ ಎಂಟು ತಿಂಗಳು ಅನ್ನ ಹಾಕ್ದೆ. ಕೊನೇಗೆ ನಾನೇ ಅನಾಥ ಅಂತ ಬರ್ಕೊಟ್ಟೆ. ಬೇರೆ ಯಾರೂ ಬರ್ಕೊಡ್ಲಿಲ್ಲ ಮಗಳೇ, ನಾನೇ."

ಆಗಲಿ ಎಂದೆ. ಆಗಲಿ ಎಂದೇ ಹೇಳಿದೆ. ಅವನು ಹೋದ ದಿನ ಅಮ್ಮ, "ಅವ್ರನ್ನ ಅಲ್ಲಿ ಮುಳ್ಳಲ್ಲಿ ಹಾಕಿ ನಾಳೆ ನನ್ನನ್ನ ಎಲ್ಲಿ ಹಾಕ್ತೀಯ?" ಎಂದಳು. ಸಭೆಯ ಹಿರಿಯರು ಚರ್ಚಿನ ಸ್ಮಶಾನದಲ್ಲಿ ಮರದ ನೆರಳಿನ ಒಳ್ಳೆಯ ಜಾಗ ತೋರಿಸಿದರು. ರಿಜಿಸ್ಟರಲ್ಲಿ ಅಪ್ಪನ ಹೆಸರು, ದೀಕ್ಷಾಸ್ನಾನದ ವಿವರ, ಎಲ್ಲ ಸರಿಯಾಗಿತ್ತು. ನಾನು ಅವರಿಗೂ ಆಗಲಿ ಎಂದೆ. ಹಾಡಿದರು, ಹೂ ಹಾಕಿದರು, ಅತಿಥಿಸತ್ಕಾರದಲ್ಲಿ ಅಬ್ರಹಾಮನಂಥವರು ಎಂದು ಒಬ್ಬರು ಭಾಷಣ ಮಾಡಿದರು. ನಾನು ಕೈಕಟ್ಟಿಕೊಂಡು ಕೇಳಿದೆ.

ತಿಂಗಳ ಮೇಲೆ ಒಬ್ಬಳೇ ಭದ್ರಾವತಿಗೆ ಹೋದೆ. ತಾತನ ಮಣ್ಣನ್ನಾದರೂ ನೋಡಿ, ಅಪ್ಪ ಬರಲಿಲ್ಲ, ನಾನು ಬಿಡಲಿಲ್ಲ ಎಂದು ಹೇಳಿ ಬರೋಣವೆಂದು. ಹೊಳೆಯ ಕಡೆಯ ಆ ಬಯಲಿರಲಿಲ್ಲ. ಕಾಂಪೌಂಡು, ಅದರೊಳಗೆ ಸೈಟಿನ ಕಲ್ಲುಗಳು, ಅರ್ಧ ಎದ್ದ ಎರಡು ಮನೆ. ಎರಡು ಸಲ ಆ ಕಡೆಯಿಂದ ಈ ಕಡೆಗೆ ನಡೆದೆ. ಎದುರಿನ ಚಹಾ ಅಂಗಡಿಯಾತ ನೋಡಿ ನೋಡಿ ಕರೆದ.

"ಏನು ಹುಡುಕ್ತಿದ್ದೀರಿ ಮೇಡಂ?"

"ಇಲ್ಲಿ ಒಂದು ಸ್ಮಶಾನ ಇತ್ತು."

"ಇಲ್ವಲ್ಲ. ನಾನು ಬಂದಾಗಿಂದ ಇದು ಲೇಔಟೇ. ನಿಮ್ಮೋರು ಯಾರನ್ನಾದ್ರೂ ಮಣ್ಣು ಮಾಡಿದ್ರಾ?"

"ಹೌದು, ನಮ್ಮನೆಯವ್ರೇ."

"ಹೆಸರು ಹೇಳಿ, ಹಳಬರೊಬ್ರು ಇದ್ದಾರೆ, ಕೇಳಿ ನೋಡ್ತೀನಿ" ಎಂದು ಆತ ಪಾಪ ಎದ್ದೇ ನಿಂತ.

ಬೇಡ ಬಿಡಿ ಎಂದು ಹೇಳಿ, ನಾಲ್ಕೂವರೆಯ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದೆ.