ನೆಲ ನೋಡಿ ನಡೆಯುವವರು

ಪರದೇಶದಲ್ಲಿ, ಗ್ರೀನ್‌ಫರ್ಡಿನ ನಮ್ಮ ಪಕ್ಕದ ಮನೆಯಲ್ಲಿದ್ದ ಉಡುಪಿಯ ಹಿರಿಯರು ಯಾವಾಗಲೂ ನೆಲ ನೋಡಿಕೊಂಡೇ ನಡೆಯುತ್ತಿದ್ದರು. ಮೊಳೆ, ಸ್ಕ್ರೂ, ತಂತಿಯ ಚೂರು ಏನು ಕಂಡರೂ ಬಗ್ಗಿ ಹೆಕ್ಕಿ ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಹರೆಯದಲ್ಲಿ, ಯುದ್ಧದ ಹೊತ್ತಿಗೆ, ಅವರು ನಮ್ಮ ನೌಕಾಪಡೆಯ ವಿಮಾನವಾಹಕ ಹಡಗಿನಲ್ಲಿದ್ದವರು. ವಿಮಾನ ಹಾರುವ ಮೊದಲು ನಾವಿಕರೆಲ್ಲ ಸಾಲಾಗಿ ಡೆಕ್ಕಿನ ಈ ತುದಿಯಿಂದ ಆ ತುದಿಗೆ ಕಸ ಹೆಕ್ಕುತ್ತ ನಡೆಯಬೇಕಿತ್ತಂತೆ.

"ಸಣ್ಣ ಕಲ್ಲು ಸಾಕು ಮಾರಾಯ್ರೇ, ಎಂಜಿನ್ ಒಳಗೆ ಹೋದ್ರೆ ಮುಗೀತು. ಇನ್ನೊಮ್ಮೆ ನೋಡುವ," ಎನ್ನುತ್ತಿದ್ದರು.

ಒಂದು ದೀಪಾವಳಿಗೆ ಸ್ಟ್ಯಾನ್ಮೋರಿನ ಹಾಲ್‌ನಲ್ಲಿ ಮಕ್ಕಳು ಬರಿಗಾಲಲ್ಲಿ ಕುಣಿಯುವವರಿದ್ದರು. ಇವರು ಹಾಡು ನಿಲ್ಲಿಸಿ, ರೇಷ್ಮೆ ಸೀರೆಯ ಡಾಕ್ಟರುಗಳನ್ನೂ ಬಿಡದೆ, ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ವೇದಿಕೆಯುದ್ದಕ್ಕೂ ನಡೆಸಿದರು. ಏನೂ ಸಿಗಲಿಲ್ಲ.

"ಇನ್ನೊಮ್ಮೆ ನೋಡುವ," ಎಂದರು.

ನನಗೆ ರೇಗಿತು. "ಏನೂ ಇಲ್ವಲ್ಲ ಅಂಕಲ್, ಶುರು ಮಾಡೋಣ," ಎಂದೆ.

ಅವರು ತಲೆ ಎತ್ತಲಿಲ್ಲ. "ಆವತ್ತೂ ಏನೂ ಸಿಕ್ಲಿಲ್ಲ. ನಾನೇ ಕೈ ಎತ್ತಿ ಸರಿ ಉಂಟು ಅಂದೆ. ಪೈಲಟ್ ಹತ್ತುವಾಗ ನನ್ನನ್ನು ನೋಡಿ ನಕ್ಕ. ವಾಪಸ್ ಬರ್ಲಿಲ್ಲ."

ನಾನು ಶೂ ಬಿಚ್ಚಿಟ್ಟು, ಬರಿಗಾಲಲ್ಲಿ ಅವರ ಪಕ್ಕ ಹೋಗಿ ನಿಂತೆ.