ಗ್ಯಾನಪ್ಪ ತಂದ ಪಾಚಿಗಲ್ಲು

ಗೊರೇಬಾಳದ ಗ್ಯಾನಪ್ಪನಿಗೆ ಕಾಲುವೆಯ ತೂಬು ಎತ್ತಿ ಇಳಿಸುವ ನೌಕರಿ ಸಿಕ್ಕ ವರ್ಷವೇ ಹೆಂಡತಿ ಹೊನ್ನೂರಮ್ಮ ಹೆರಿಗೆಗೆಂದು ತವರಿಗೆ ಹೋದಳು. ಮಗಳು ಹುಟ್ಟಿದಳು, ತೊಟ್ಟಿಲಿಗೆ ಹಾಕಿದ್ದೂ ಆಯಿತು, ಕೂಸು ಬೋರಲು ಬಿದ್ದದ್ದೂ ಆಯಿತು. ಹೊನ್ನೂರಮ್ಮ ಮಾತ್ರ ಬರಲಿಲ್ಲ. ಜಗಳವೇನೂ ಇಲ್ಲ. ಕಾಲುವೆ ನೀರು ಸತ್ತ ನೀರು, ಅದನ್ನು ಕೂಸಿಗೆ ಕುಡಿಸುವುದಿಲ್ಲ ಎಂದು ಹೇಳಿ ಕಳಿಸಿದಳು, ಅಷ್ಟೇ.

ಅವಳ ತವರು ಮಸ್ಕಿ ಗುಡ್ಡದ ಬುಡದಲ್ಲಿತ್ತು. ಬಂಡೆಗಳ ಸಂದಿಯಿಂದ ಅಲ್ಲಿಗೊಂದು ಹಳ್ಳ ಇಳಿಯುತ್ತಿತ್ತು. ಆ ಊರಿನ ಹೆಂಗಸರು ಕೊಡ ತುಂಬುವ ಮುಂಚೆ ತಳದ ಕಲ್ಲಿನ ಮೇಲೆ ಅಂಗೈ ಸವರುವರು. ಪಾಚಿಗೆ ಕೈ ಜಾರಿದರೆ ನೀರಿಗೆ ಜೀವ ಇದೆ. ಕಲ್ಲು ಒರಟಾಗಿ ತಾಗಿದರೆ ಆ ನೀರು ದನಕ್ಕೂ ಬೇಡ. ಗೊರೇಬಾಳದ ಕಾಲುವೆಯೋ ತೀರ ಹೊಸದು. ಮೆಟ್ಟಿಲ ಕಲ್ಲುಗಳ ಮೇಲೆ ಉಳಿಯ ಗುರುತು ಕೂಡ ಮಾಸಿರಲಿಲ್ಲ. ಸರ್ಕಾರ ಅಷ್ಟು ದೂರದಿಂದ ನೀರು ತಂದಿತು, ಒಂದಿಷ್ಟು ಪಾಚಿ ತರಲಿಲ್ಲವಲ್ಲ ಎಂದು ಗ್ಯಾನಪ್ಪನಿಗೆ ಸಂಕಟವಾಯಿತು.

ತಾಯಿ ಯಮನೂರಮ್ಮ ಹಾಲಿಗೆ ಹೆಪ್ಪು ಹಾಕುವುದನ್ನು ನೋಡಿ ಅವನಿಗೊಂದು ಬುದ್ಧಿ ಹೊಳೆಯಿತು. ಪುಣ್ಯಾತ್ಮ, ಮರುದಿನವೇ ಮಾವನ ಊರಿಗೆ ಹೋಗಿ, ಹೆಂಡತಿಗೆ ಮುಖ ತೋರಿಸದೆ ಹಳ್ಳಕ್ಕಿಳಿದು, ಹಸಿರುಗಟ್ಟಿದ ಕಲ್ಲೊಂದನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ. ತೊಡೆಯ ಮೇಲಿಟ್ಟುಕೊಂಡು ಆಗಾಗ ನೀರು ಚಿಮುಕಿಸುವುದನ್ನು ಕಂಡ ಮುದುಕಿಯೊಬ್ಬಳು ಯಾವ ದೇವರೆಂದು ಕೇಳಿದಳು. ಮನೆದೇವರು ಎಂದ. ಅವನು ಇಳಿಯುವ ಹೊತ್ತಿಗೆ ಅರ್ಧ ಬಸ್ಸು ಕೈಮುಗಿದಿತ್ತು.

ಕಲ್ಲನ್ನು ಕಾಲುವೆಯ ಕೆಳಗಿನ ಮೆಟ್ಟಿಲ ಮೇಲೆ, ನೀರೊಳಗೆ ಇಟ್ಟ. ಬೇಸಿಗೆ ಬಂತು, ಕಾಲುವೆ ಬಂದ್ ಆಯಿತು. ಬಂದ್ ಮಾಡಿದವನೂ ಅವನೇ. ಮೇಲಿಂದ ಹುಕುಂ ಬಂದ ಮೇಲೆ ತೂಬು ಇಳಿಸದೆ ಇರಲಾಗುತ್ತದೆಯೇ? ಪಾಚಿ ಒಣಗಿ ಹಪ್ಪಳದಂತೆ ಎದ್ದು ಉದುರಿಹೋಯಿತು. ಗ್ಯಾನಪ್ಪ ಎರಡು ಹೊತ್ತು ಊಟ ಬಿಟ್ಟ.

ಮಳೆಗಾಲದಲ್ಲಿ ನೀರು ಬಿಟ್ಟಾಗ ಯಾರೂ ಹೆಪ್ಪು ಹಾಕದೆಯೇ ಪಾಚಿ ಹಿಡಿಯಿತು. ಮೆಟ್ಟಿಲು, ತೂಬಿನ ಗೋಡೆ, ತವರಿನ ಕಲ್ಲು, ಯಾವುದನ್ನೂ ಬಿಡಲಿಲ್ಲ. ತಪಾಸಣೆಗೆ ಬಂದ ಸಾಹೇಬರು ಬೂಟಿನ ಸಮೇತ ಜಾರಿ ಕಾಲುವೆಗೆ ಬಿದ್ದರು. ಗ್ಯಾನಪ್ಪ ಅವರನ್ನು ಎತ್ತಿದ, ಬೈಸಿಕೊಂಡ, ಖುಷಿಯಿಂದ ಹಾಗೇ ಹೆಂಡತಿಯನ್ನು ಕರೆಯಲು ಹೋದ.

ಹೊನ್ನೂರಮ್ಮ ಬಂದಳು. ಬಟ್ಟೆಯ ಗಂಟು ತರಲಿಲ್ಲ. ಸೀದಾ ಕಾಲುವೆಗೆ ಇಳಿದು, ಕೂಸನ್ನು ಗಂಡನ ಕೈಗೆ ಕೊಟ್ಟು, ನಿನ್ನ ತವರಿನದೇ ಎಂದು ಅವನು ತೋರಿಸಿದ ಕಲ್ಲಿನ ಮೇಲೆ ಅಂಗೈ ಸವರಿದಳು. ಇನ್ನೊಮ್ಮೆ ಸವರಿದಳು. ಕೈ ಮೂಸಿ ನೋಡಿದಳು.

“ಇದು ನಮ್ಮೂರ ಪಾಚಿ ಅಲ್ಲ.”

ಸುಳ್ಳು ಹೇಳೋಣವೆಂದರೆ ಗ್ಯಾನಪ್ಪನಿಗೆ ಬಾಯಿ ಬರಲಿಲ್ಲ. ತಂದದ್ದು ಬೇಸಿಗೆಯಲ್ಲೇ ಸತ್ತಿತು, ಇದು ಇಲ್ಲಿಯದೇ ಎಂದು ಒಪ್ಪಿಕೊಂಡ. ಹೊನ್ನೂರಮ್ಮ ಕಲ್ಲನ್ನು ಹೊರಳಿಸಿ ನೋಡಿದಳು. ಅಡಿಯಲ್ಲಿ ಅವಳ ಊರಿನ ಬಂಡೆಗಳಲ್ಲಿರುವಂಥದೇ ಕೆಂಪು ಗೀರು ಇತ್ತು. ಆಮೇಲೆ ಕಲ್ಲನ್ನು ಇದ್ದಲ್ಲೇ ಇಟ್ಟು ಕೈ ತೊಳೆದುಕೊಂಡಳು.

“ನಮ್ಮೂರ ಕಲ್ಲಿಗೆ ನಿಮ್ಮೂರ ಪಾಚಿ ಹಿಡದೈತಿ ಅಂದ್ರ, ನಾನೂ ಇರಬಹುದು ಬಿಡು. ನಾಳೆ ಹೋಗಿ ಗಂಟು ತಗೊಂಡ್ ಬಾ. ಅದಕ್ಕೂ ಮುಂಚೆ ಈ ಮೆಟ್ಟಲ ಉಜ್ಜು, ಕೂಸು ಜಾರತೈತಿ.”

ಗ್ಯಾನಪ್ಪ ಇಟ್ಟಿಗೆ ಚೂರು ಹುಡುಕಿಕೊಂಡು ಕುಳಿತ. ನೌಕರಿ ಮುಗಿಯುವವರೆಗೂ ಆ ಮೆಟ್ಟಿಲುಗಳನ್ನು ಉಜ್ಜುತ್ತಲೇ ಇದ್ದ, ಆ ಕಲ್ಲೊಂದನ್ನು ಬಿಟ್ಟು.